ರಟ್ಟಿನ ಮೇಲೆ ಉಬ್ಬು ಚಿಕ್ಕಿ: ಕ್ರಿಸ್ಮಸ್‌ಗೂ ಮಾಗಿ ಚಳಿಗೂ ಕೈಯಾರೆ ಕಾರ್ಡು ಮಾಡುವ ಬಗೆ

ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದರೆ ತೆಗೆದು, ವಧು-ವರರ ಹೆಸರಿನ ಮೇಲೆ ಬೆರಳಾಡಿಸಿ ನೋಡಿ. ಬಂಗಾರದ ಬಣ್ಣದ ಅಕ್ಷರ ಉಬ್ಬಿ ನಿಂತಿದ್ದರೆ ಅದು ಬಹುಮಟ್ಟಿಗೆ ಥರ್ಮೋಗ್ರಫಿ. ಹಸಿ ಶಾಯಿಯ ಮೇಲೆ ರಾಳದ ಪುಡಿ ಉದುರಿಸಿ ಬಿಸಿಗೆ ಹಿಡಿದಾಗ, ಪುಡಿ ಕರಗಿ ಉಬ್ಬಿ ಹಾಗೆಯೇ ಗಟ್ಟಿಯಾಗುತ್ತದೆ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲಿ ಈ ಕೆಲಸ ಯಾರಿಗೂ ಹೊಸದಲ್ಲ. ಕಾರ್ಡು ಮಾಡುವವರು ಹೀಟ್ ಎಂಬಾಸಿಂಗ್ ಎಂದು ಕರೆಯುವುದೂ ಇದನ್ನೇ. ಇಲ್ಲಿ ಕಾಗದದ ಬದಲು ಬೈಂಡಿಂಗ್ ರಟ್ಟಿನಲ್ಲಿ ಮಾಡಿದ ಎಂಟು ಮೂಲೆಯ ಚಿಕ್ಕಿಯ (ನಕ್ಷತ್ರದ) ಮೇಲೆ ಮಾಡಿ, ಅದನ್ನು ಕಾರ್ಡಿಗೆ ಅಂಟಿಸುತ್ತೇವೆ, ಅಷ್ಟೇ ವ್ಯತ್ಯಾಸ.

ಆದರೆ ಆ ಒಂದು ವ್ಯತ್ಯಾಸವೇ ಎಲ್ಲ ತಾಪತ್ರಯದ ಮೂಲ. ರಟ್ಟು ಬಾಯಾರಿದ ವಸ್ತು. ಶಾಯಿ ಹಚ್ಚಿದರೆ ಕುಡಿಯುತ್ತದೆ, ಅಂಟು ಹಚ್ಚಿದರೆ ಕುಡಿಯುತ್ತದೆ, ಬಣ್ಣ ಬಳಿದರೆ ಒಂದು ಬದಿ ಹಿಗ್ಗಿ ಹಪ್ಪಳದಂತೆ ಬಾಗುತ್ತದೆ. ಕುಡಿದ ನೀರು ಒಳಗೇ ಉಳಿದಿದ್ದರೆ ಬಿಸಿ ತಾಗಿದಾಗ ಹಬೆಯಾಗಿ ಗುಳ್ಳೆ ಏಳುತ್ತದೆ. ಮುಂದೆ ಹೇಳುವ ಹಂತಗಳಲ್ಲಿ ಅರ್ಧದಷ್ಟು ಈ ಬಾಯಾರಿಕೆಗೆ ಮಾಡುವ ಉಪಚಾರ. ಅವುಗಳನ್ನು ಹಾರಿಸಬೇಡಿ.

20 ಕಾರ್ಡಿಗೆ ಏನೇನು ಬೇಕು

ಕಾರ್ಡಿನ ಅಳತೆ ಎ6, ಅಂದರೆ ಮಡಿಸಿದ ಮೇಲೆ 105 × 148 ಮಿ.ಮೀ. ಅದಕ್ಕೆ ಸಿ6 ಲಕೋಟೆ (114 × 162 ಮಿ.ಮೀ.) ಸರಿಹೊಂದುತ್ತದೆ. ಎ4 ಅಳತೆಯ, 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ ಇಷ್ಟು ಗ್ರಾಂ ಎಂಬ ಲೆಕ್ಕ) ದಪ್ಪದ ಹಾಳೆ 10 ಸಾಕು, ಒಂದು ಹಾಳೆಯಲ್ಲಿ ಎರಡು ಕಾರ್ಡು ಬರುತ್ತವೆ. ಹಿನ್ನೆಲೆಗೆ 120 ಜಿಎಸ್‌ಎಂನ ಬಣ್ಣದ ಹಾಳೆ 5. ರಟ್ಟು 1 ಮಿ.ಮೀ. ದಪ್ಪದ್ದು, ಎ4 ಅಳತೆಯ ಎರಡು ತುಂಡು. ಅಂಗಡಿಯಲ್ಲಿ ಗ್ರೇ ಬೋರ್ಡ್ ಎಂದು ಕೇಳಿ. ಪುಸ್ತಕ ಕಟ್ಟುವವರ ಬಳಿ ಹೋದರೆ ಕತ್ತರಿಸಿ ಉಳಿದ ಪಟ್ಟಿಗಳೇ ರಾಶಿ ಬಿದ್ದಿರುತ್ತವೆ, ನಮ್ಮ ಕೆಲಸಕ್ಕೆ ಅವೇ ಧಾರಾಳ. ಬಿಸ್ಕತ್ತು, ಔಷಧಿಯ ಡಬ್ಬಿಯ ತೆಳು ರಟ್ಟು ಬೇಡ. ಬಿಸಿಗೆ ಅದು ಸುರುಳಿ ಸುತ್ತುತ್ತದೆ.

ಎಂಬಾಸಿಂಗ್ ಪುಡಿ 25ರಿಂದ 30 ಗ್ರಾಂ. ಚಿಕ್ಕಿಗೆ ದಪ್ಪ ಕಾಳಿನ ಪುಡಿ, ಅಕ್ಷರಕ್ಕೆ ನುಣ್ಣಗಿನ ಪುಡಿ, ಎರಡೂ ಬೇರೆ ಬೇರೆ ಬೇಕು. ಎಂಬಾಸಿಂಗ್ ಇಂಕ್ ಪ್ಯಾಡ್ ಒಂದು. ಆಫೀಸಿನ ಸ್ಟ್ಯಾಂಪ್ ಪ್ಯಾಡು ಇದಕ್ಕೆ ಬಾರದು, ಅದರ ಶಾಯಿ ಬೇಗ ಆರುವುದರಿಂದ ಪುಡಿ ಹಿಡಿಯುವುದಿಲ್ಲ. ಎಂಬಾಸಿಂಗ್ ಪ್ಯಾಡು ಸಿಗದಿದ್ದರೆ ಔಷಧಿ ಅಂಗಡಿಯ ಗ್ಲಿಸರಿನ್ ಕೆಲಸ ಕೊಡುತ್ತದೆ. ಸ್ಪಂಜಿನ ತುಂಡಿನ ಮೇಲೆ ನಾಲ್ಕೈದು ಹನಿ ಹಾಕಿ, ಹಿಂಡಿ, ಒತ್ತಿದರೆ ತೇವ ಮಾತ್ರ ಕಾಣುವಂತೆ ಇಟ್ಟುಕೊಳ್ಳಿ. ಹನಿ ಹರಿಯುವಷ್ಟು ಇದ್ದರೆ ಪುಡಿ ಮುದ್ದೆಯಾಗುತ್ತದೆ.

ಉಳಿದವು: ಬಿಳಿ ಅಕ್ರಿಲಿಕ್ ಬಣ್ಣ ಇಲ್ಲವೇ ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಅಸ್ತರು), 220 ನಂಬರಿನ ಪಾಲಿಶ್ ಪೇಪರ್, ಫೆವಿಕಾಲ್, ಎರಡೂ ಬದಿ ಅಂಟುವ ಟೇಪು, 1 ಮಿ.ಮೀ. ದಪ್ಪದ ಫೋಮ್ ಟೇಪು, ಸ್ಟೀಲಿನ ಸ್ಕೇಲು, ಕಟರ್, ಇಕ್ಕಳ, ಖಾಲಿಯಾದ ಬಾಲ್‌ಪೆನ್ನು, ಟಾಲ್ಕಂ ಪೌಡರ್, ಒಂದು ಫರಶಿ (ಹಾಸುಗಲ್ಲು) ತುಂಡು.

ಕಾಸು ಹಾಕಿ ಕೊಳ್ಳಬೇಕಾದ ಉಪಕರಣ ಒಂದೇ, ಕಾರ್ಡಿನ ಕೆಲಸಕ್ಕೆಂದೇ ಬರುವ ಚಿಕ್ಕ ಹೀಟ್ ಗನ್. ಕೂದಲು ಒಣಗಿಸುವ ಡ್ರೈಯರ್‌ನಲ್ಲಿ ಗಾಳಿ ಜಾಸ್ತಿ, ಬಿಸಿ ಕಡಿಮೆ. ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯ ದೊಡ್ಡ ಹಾಟ್ ಏರ್ ಗನ್ ಇದ್ದರೆ ಕಡಿಮೆ ಬಿಸಿಯ ಗುಂಡಿಯಲ್ಲಿಟ್ಟು 15 ಸೆ.ಮೀ. ದೂರದಿಂದ ಹಿಡಿಯಿರಿ. ಹತ್ತಿರ ತಂದರೆ ಸೆಕೆಂಡುಗಳಲ್ಲಿ ರಟ್ಟು ಕಂದುತ್ತದೆ. ಯಾವುದೂ ಇಲ್ಲದವರು ಸಣ್ಣ ಉರಿಯ ಮೇಲೆ ಹಂಚು ಇಟ್ಟು, ಅದರೊಳಗೆ ಸ್ಟೀಲ್ ತಟ್ಟೆ, ತಟ್ಟೆಯ ಮೇಲೆ ಚಿಕ್ಕಿ ಇಟ್ಟು ಕರಗಿಸಬಹುದು. ಬಿಸಿ ಕೆಳಗಿನಿಂದ ದಪ್ಪ ರಟ್ಟನ್ನು ದಾಟಿ ಮೇಲೆ ಬರಬೇಕಾದ್ದರಿಂದ ತಡವಾಗುತ್ತದೆ, ತಳವೂ ತುಸು ಕೆಂಪಾಗುತ್ತದೆ. ಅಂಟಿಸಿದ ಮೇಲೆ ತಳ ಯಾರಿಗೂ ಕಾಣುವುದಿಲ್ಲ. ಆ ತಟ್ಟೆಯನ್ನು ಮತ್ತೆ ಊಟಕ್ಕೆ ಬಳಸಬೇಡಿ.

ಆಕಾರ: ಕತ್ತರಿ ಸೋಲುವ ಕಡೆ ಲೆಕ್ಕ ಗೆಲ್ಲುತ್ತದೆ

ಹಿಮದ ಹರಳು, ಜಿಂಕೆಯ ಕೊಂಬು, ಪೈನ್ ಮರ ಇವೆಲ್ಲ ಅಂಗಡಿಯ ಅಚ್ಚುಯಂತ್ರಕ್ಕೆ ಸುಲಭ. ಕೈಯಲ್ಲಿ ರಟ್ಟು ಕತ್ತರಿಸುವಾಗ ಒಳಮೂಲೆ ಬಂದಲ್ಲೆಲ್ಲ ನಾರು ಕಿತ್ತು ಬರುತ್ತದೆ. ಬಾಗಿದ ಗೆರೆ ಬಂದಲ್ಲಿ ಅಂಚು ಹಲ್ಲು ಹಲ್ಲಾಗುತ್ತದೆ. ಹಾಗಾಗಿ ಬರೀ ನೇರ ಗೆರೆಯ ಆಕಾರ ಆರಿಸಿಕೊಳ್ಳುವುದು ಜಾಣತನ. ನಮ್ಮ ಕಡೆಯ ಕಸೂತಿ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಅದರಲ್ಲಿರುವುದೆಲ್ಲ ನೇರ, ಅಡ್ಡ, ಓರೆ ಗೆರೆಗಳೇ. ಗವಂತಿಯ ನೇರ ಸಾಲು, ಮುರಗಿಯ ಮೆಟ್ಟಿಲು ಸಾಲು, ಗೋಪುರ, ತೇರು ಎಲ್ಲವೂ ರಟ್ಟಿಗೆ ಹೇಳಿ ಮಾಡಿಸಿದಂತಿವೆ.

ಎಂಟು ಮೂಲೆಯ ಚಿಕ್ಕಿಗೆ ಚಿಕ್ಕಿಯ ಆಕಾರವನ್ನೇ ಕತ್ತರಿಸಬೇಕಿಲ್ಲ. 42 ಮಿ.ಮೀ. ಬದಿಯ ಎರಡು ಚೌಕ ಕತ್ತರಿಸಿ, ಒಂದರ ಮೇಲೊಂದನ್ನು ಓರೆಯಾಗಿ ಕೂರಿಸಿದರೆ ಮೂಲೆಯಿಂದ ಮೂಲೆಗೆ ಸುಮಾರು 6 ಸೆ.ಮೀ. ಇರುವ ಚಿಕ್ಕಿ ಸಿದ್ಧ. ಎ4 ರಟ್ಟಿನ ಅಗಲಕ್ಕೆ ಸರಿಯಾಗಿ 5, ಉದ್ದಕ್ಕೆ 7, ಹೀಗೆ ಒಂದು ತುಂಡಿನಲ್ಲಿ 35 ಚೌಕ ಬರುತ್ತವೆ. 20 ಚಿಕ್ಕಿಗೆ 40 ಬೇಕು, ಎರಡು ತುಂಡಿನಲ್ಲಿ ಹಾಳಾದದ್ದಕ್ಕೂ ಸೇರಿ 30 ಉಳಿಯುತ್ತವೆ. ಇನ್ನೊಂದು ಉಪಾಯವಿದೆ. ಬೈಂಡಿಂಗ್ ಅಂಗಡಿಯ ಕಟಿಂಗ್ ಮಷಿನ್ನಿಗೆ ಹಾಕಿಸಿದರೆ ಎಲ್ಲ ಚೌಕವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬರುತ್ತವೆ. ಮನೆಯಲ್ಲೇ ಕತ್ತರಿಸುವುದಾದರೆ ಹೊಸ ಬ್ಲೇಡು ಹಾಕಿ, ಒಂದೇ ಸಲಕ್ಕೆ ಬಲ ಹಾಕದೆ ಅದೇ ಗೆರೆಯಲ್ಲಿ ನಾಲ್ಕೈದು ಸಲ ಹಗುರವಾಗಿ ಎಳೆಯಿರಿ. ಬಲ ಹಾಕಿದರೆ ಬ್ಲೇಡು ವಾಲಿ ಅಂಚು ಇಳಿಜಾರಾಗುತ್ತದೆ, ಆ ಇಳಿಜಾರಿನ ಮೇಲೆ ಕರಗಿದ ಪುಡಿ ನಿಲ್ಲುವುದಿಲ್ಲ.

ಜೋಡಿಸಲು ಒಂದು ಕಾಗದದ ಮೇಲೆ ಕೂಡಿಸುವ ಚಿಹ್ನೆಯನ್ನೂ ಗುಣಿಸುವ ಚಿಹ್ನೆಯನ್ನೂ ಒಂದೇ ನಡುಬಿಂದುವಿನಲ್ಲಿ ದೊಡ್ಡದಾಗಿ ಬರೆಯಿರಿ. ಕೆಳಗಿನ ಚೌಕದ ಮೂಲೆಗಳು ಮೊದಲಿನದರ ಗೆರೆಯ ಮೇಲೆ, ಮೇಲಿನ ಚೌಕದ ಮೂಲೆಗಳು ಎರಡನೆಯದರ ಗೆರೆಯ ಮೇಲೆ ಬರಬೇಕು. ಮೇಲಿನದರ ಪ್ರತಿ ಮೂಲೆಯೂ ಕೆಳಗಿನದರ ಅಂಚಿನಿಂದ ಸುಮಾರು 9 ಮಿ.ಮೀ. ಹೊರಗೆ ಚಾಚಿರಬೇಕು. ಒಂದು ಕಡೆ 7, ಇನ್ನೊಂದು ಕಡೆ 11 ಬಂದರೆ ಚಿಕ್ಕಿ ಸೊಟ್ಟಗಾಗಿದೆ ಎಂದು ಯಾವ ಕಣ್ಣಿಗೂ ತಿಳಿಯುತ್ತದೆ. ಫೆವಿಕಾಲನ್ನು ಬೆರಳಿನಿಂದ ತೆಳ್ಳಗೆ ಸವರಿ, ಒತ್ತಿ, ಭಾರವಾದ ಪುಸ್ತಕದಡಿ ಒಂದು ತಾಸು ಇಡಿ. ಆಮೇಲೆ ತೆಗೆದು ಗಾಳಿಗೆ 24 ತಾಸು ಬಿಡಿ. ಎರಡು ರಟ್ಟಿನ ನಡುವೆ ಸಿಕ್ಕಿಬಿದ್ದ ಅಂಟಿನ ನೀರು ಮೇಲೆ ನೋಡಿದರೆ ತಿಳಿಯುವುದಿಲ್ಲ, ಬಿಸಿ ತಾಗಿದ ಕೂಡಲೇ ತನ್ನ ಇರವು ತೋರಿಸುತ್ತದೆ.

ಬಾಯಾರಿಕೆ ತೀರಿಸುವುದು

ಚಿಕ್ಕಿಯ ಮೇಲೆ, ಕೆಳಗೆ, ಅಂಚಿಗೆ, ಚಾಚಿದ ಮೂಲೆಗಳ ಅಡಿಗೆ ಬಿಳಿ ಅಕ್ರಿಲಿಕ್ ತೆಳ್ಳಗೆ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಬಾಗುತ್ತದೆ, ಎರಡೂ ಬದಿಗೆ ಹಚ್ಚಿದರೆ ಎರಡರ ಎಳೆತ ಸರಿದೂಗುತ್ತದೆ. ಅರ್ಧ ತಾಸಿನ ನಂತರ ಬೆರಳಾಡಿಸಿದರೆ ಮೊದಲಿಗಿಂತ ಒರಟಾಗಿರುತ್ತದೆ, ತೇವಕ್ಕೆ ರಟ್ಟಿನ ನಾರು ಎದ್ದು ನಿಂತಿರುತ್ತದೆ. ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಎರಡನೆಯ ಸಲ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ. ಅಂಚು ಹೆಚ್ಚು ಕುಡಿಯುವ ಜಾಗ, ಅಲ್ಲಿಗೆ ಮೂರನೆಯ ಸಲವೂ ಹಚ್ಚಿದರೆ ಒಳ್ಳೆಯದು.

ಬಣ್ಣದ ಬದಲು ಫೆವಿಕಾಲನ್ನೇ ಬಳಿದರಾಯಿತು ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಬೇಡ. ಆ ಅಂಟು ಬಿಸಿಗೆ ಮೆತ್ತಗಾಗುತ್ತದೆ, ದಪ್ಪ ಬಿದ್ದಲ್ಲಿ ನೊರೆಯಂತೆ ಉಬ್ಬುತ್ತದೆ.

ಡಿಸೆಂಬರ್ ಹೊತ್ತಿಗೆ ಮಳೆಗಾಲದ ತೇವ ಹೋಗಿ ಹವೆ ಒಣಗಿರುವುದು ಈ ಕೆಲಸಕ್ಕೆ ಅನುಕೂಲ. ಆದರೆ ಹೊರಗೆ ಒಣಹಾಕಿ ರಾತ್ರಿ ಮರೆತರೆ ಬೆಳಗಿನ ಇಬ್ಬನಿಗೆ ಮತ್ತೆ ಮೆತ್ತಗಾಗುತ್ತದೆ. ಒಳಗೆ, ಗೋಡೆಗೆ ತಾಗದಂತೆ ಇಡಿ.

ಪುಡಿ, ಬಿಸಿ, ಶಿಕ್ಕಾ

ಇಷ್ಟು ದಿನ ಕಾದದ್ದು ಈ ಹತ್ತು ನಿಮಿಷದ ಕೆಲಸಕ್ಕೆ. ಮೊದಲು ಫ್ಯಾನು ಬಂದ್ ಮಾಡಿ. ಪುಡಿ ಕರಗುವಾಗ ವಾಸನೆ ಬರುತ್ತದೆ, ಹಾಗಾಗಿ ಕಿಟಕಿ ತೆರೆದಿರಲಿ, ಆದರೆ ಗಾಳಿ ನೇರ ಮೇಜಿನ ಮೇಲೆ ಬೀಸದಿರಲಿ. ಮಕ್ಕಳು ಪುಡಿ ಉದುರಿಸಲಿ, ಗನ್ ದೊಡ್ಡವರ ಕೈಯಲ್ಲಿರಲಿ.

ಚಿಕ್ಕಿಯನ್ನು ಪ್ಯಾಡಿನ ಮೇಲೆ ಮಗುಚಿ ಒತ್ತಿ. ಎರಡು ಮಟ್ಟ ಇರುವುದರಿಂದ ಕೆಳಗಿನ ಚೌಕದ ಮೂಲೆಗೆ ಶಾಯಿ ತಾಗಿರುವುದಿಲ್ಲ. ಅಲ್ಲಿಗೆ ಸ್ಪಂಜಿನಿಂದ ಹಚ್ಚಿ, ಅಂಚುಗಳನ್ನೂ ಮರೆಯಬೇಡಿ. ಕೆಳಗೆ ಮಡಿಸಿದ ಕಾಗದ ಹಾಸಿ, ದಪ್ಪ ಕಾಳಿನ ಪುಡಿಯನ್ನು ಪೂರ್ತಿ ಮುಚ್ಚುವಂತೆ ಸುರಿಯಿರಿ. ಇಕ್ಕಳದಿಂದ ಎತ್ತಿ ಒಮ್ಮೆ ತಟ್ಟಿದರೆ ಹೆಚ್ಚಿನದು ಉದುರುತ್ತದೆ, ಅದನ್ನು ಕಾಗದದ ಮಡಿಕೆಯಿಂದಲೇ ಡಬ್ಬಿಗೆ ವಾಪಸು ಹಾಕಿ.

ಗನ್ನನ್ನು ಬೇರೆ ಕಡೆ ತಿರುಗಿಸಿ 20-30 ಸೆಕೆಂಡು ಕಾಯಿಸಿ, ಆಮೇಲೆ ಚಿಕ್ಕಿಯ ಕಡೆ ತನ್ನಿ. ತಣ್ಣನೆಯ ಗಾಳಿ ಮೊದಲು ತಾಗಿದರೆ ಪುಡಿ ಹಾರುತ್ತದೆ. 5ರಿಂದ 8 ಸೆ.ಮೀ. ದೂರ ಇಟ್ಟು ನಿಧಾನವಾಗಿ ಸುತ್ತಿಸಿ. ಪುಡಿ ಮೊದಲು ಸಕ್ಕರೆಯಂತೆ, ನಂತರ ಕಿತ್ತಳೆ ಸಿಪ್ಪೆಯಂತೆ, ಕೊನೆಗೆ ತಿಳಿ ಎಣ್ಣೆಯಂತೆ ಕಾಣುತ್ತದೆ. ತಿಳಿಯಾದ ಆ ಕ್ಷಣಕ್ಕೆ ಗನ್ ಸರಿಸಿ. ಇನ್ನೂ ಹಿಡಿದರೆ ಹೊಳಪು ಸತ್ತು, ಪದರ ರಟ್ಟಿನೊಳಗೆ ಇಳಿದುಹೋಗುತ್ತದೆ. ಬಂಗಾರದ ಪುಡಿಯಲ್ಲಿ ಇದು ಬೇಗ ತಿಳಿಯುತ್ತದೆ, ಕಾದ ಹಿತ್ತಾಳೆಯಂತೆ ಮಂಕಾಗುತ್ತದೆ.

ಒಂದು ಪದರಕ್ಕೆ ತೃಪ್ತರಾಗಬೇಡಿ. ಅದು ಬಿಸಿ ಇರುವಾಗಲೇ ಮತ್ತೆ ಪುಡಿಯಲ್ಲಿ ಅದ್ದಿ ಕರಗಿಸಿ, ಮೂರನೆಯ ಸಲವೂ ಹಾಗೆಯೇ ಮಾಡಿ. ಎರಡನೆಯ ಪದರದಿಂದ ಶಾಯಿ ಬೇಕಿಲ್ಲ, ಕರಗಿದ ಪದರವೇ ಪುಡಿಯನ್ನು ಹಿಡಿಯುತ್ತದೆ. ಮೂರು ಪದರವಾದಾಗ ಚಿಕ್ಕಿಗೆ ಗಾಜು ಲೇಪಿಸಿದ ಕಳೆ ಬರುತ್ತದೆ.

ಇನ್ನು ಶಿಕ್ಕಾ. ಮೂರನೆಯ ಪದರ ಕರಗಿ ಇನ್ನೂ ಮೆತ್ತಗಿರುವಾಗ ರಬ್ಬರ್ ಶಿಕ್ಕಾ ಒತ್ತಿದರೆ ಕಸೂತಿಯ ಗೆರೆಗಳು ಮೇಣಕ್ಕೆ ಮುದ್ರೆ ಒತ್ತಿದಂತೆ ಇಳಿಯುತ್ತವೆ. ಶಿಕ್ಕಾ ಮಾಡಿಕೊಡುವ ಅಂಗಡಿಗೆ ನಿಮ್ಮದೇ ಚಿತ್ರ ಕೊಡಿ, ಅಳತೆ 35 ಮಿ.ಮೀ. ಚೌಕ ಮೀರದಿರಲಿ. ಚೌಕುಳಿ ಕಾಗದದಲ್ಲಿ 7 × 7 ಮನೆ ತೆಗೆದು, ಬುಡದಿಂದ ಮೇಲಕ್ಕೆ 7, 5, 3, 1 ಎಂದು ಮನೆ ಕಡಿಮೆ ಮಾಡುತ್ತ ಹೋದರೆ ಗೋಪುರದ ಹೊರಗೆರೆ ಬರುತ್ತದೆ. ಗೆರೆ ಅರ್ಧ ಮಿ.ಮೀ.ಗಿಂತ ಸಣ್ಣದಾಗದಿರಲಿ. ಅಂಗಡಿಯಲ್ಲಿ ಹೇಳಬೇಕಾದ ಮಾತು ಎರಡು: ತಾನೇ ಶಾಯಿ ಬಿಡುವ ಬಗೆಯದು ಬೇಡ, ಪಾರದರ್ಶಕ ಪಾಲಿಮರ್ ಬೇಡ. ಮೊದಲನೆಯದು ಸ್ಪಂಜಿನಂತಿದ್ದು ಗೆರೆ ಒತ್ತಲಾರದು, ಎರಡನೆಯದು ಬಿಸಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಗಟ್ಟಿ ರಬ್ಬರೇ ಬೇಕು.

ಒತ್ತುವ ಮೊದಲು ಶಿಕ್ಕಾಕ್ಕೆ ಎಂಬಾಸಿಂಗ್ ಶಾಯಿ ತಪ್ಪದೆ ಹಚ್ಚಿ. ದೋಸೆ ಹಂಚಿಗೆ ಎಣ್ಣೆ ಸವರಿದ ಹಾಗೆ ಅದು, ಅಂಟುವುದನ್ನು ತಡೆಯುತ್ತದೆ. ಗನ್ ಸರಿಸಿ ಐದು ಎಣಿಸಿ, ನೇರವಾಗಿ ಒತ್ತಿ, ಅಲುಗಾಡಿಸದೆ 20 ಎಣಿಸುವ ತನಕ ಬಿಡಿ. ಬಿಸಿ ಇರುವಾಗಲೇ ಕಿತ್ತರೆ ಎಳೆ ಎಳೆಯಾಗಿ ಬರುತ್ತದೆ. ತೀರ ತಣ್ಣಗಾದ ಮೇಲೆ ಒತ್ತಿದರೆ ಗುರುತೇ ಮೂಡುವುದಿಲ್ಲ. ಕೆಟ್ಟರೆ ಅಳಬೇಕಿಲ್ಲ, ಮತ್ತೆ ಕಾಯಿಸಿದರೆ ಮೇಲ್ಮೈ ಸಮವಾಗುತ್ತದೆ, ಇನ್ನೊಮ್ಮೆ ಒತ್ತಿ. ಪೂರ್ತಿ ಆರಿದ ಮೇಲೆ ಕಂದು ಇಲ್ಲವೇ ಕಪ್ಪು ಅಕ್ರಿಲಿಕ್ ಸವರಿ, ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ಗೆರೆಗಳಲ್ಲಷ್ಟೇ ಉಳಿಯುತ್ತದೆ.

ಕನ್ನಡ ಅಕ್ಷರದ ಫಜೀತಿ

ಕಡ್ಡಿ ಅಕ್ಷರದ ಲಿಪಿಗಳಿಗೆ ಇಲ್ಲದ ಒಂದು ತೊಂದರೆ ನಮ್ಮ ಲಿಪಿಗಿದೆ. ನಮ್ಮ ಅಕ್ಷರದ ಹೊಟ್ಟೆಗಳು ದುಂಡಗೆ, ಚಿಕ್ಕವು. ಪುಡಿ ಕರಗಿ ಹಿಗ್ಗಿದಾಗ ಮುಚ್ಚಿಹೋಗುತ್ತವೆ. ‘ಕ್ರಿಸ್ಮಸ್’ ಎಂಬ ಒಂದು ಪದದಲ್ಲೇ ಎರಡು ಒತ್ತು ಇವೆ, ಸಣ್ಣದಾಗಿ ಮಾಡಿದರೆ ಸ್ಮ ಅಕ್ಷರದ ಒತ್ತು ಬರೀ ಗುಂಡಾಗುತ್ತದೆ. ಅಕ್ಷರದ ಎತ್ತರ 8 ಮಿ.ಮೀ.ಗೆ ಕಡಿಮೆ ಇಡಬೇಡಿ. ಪುಡಿ ನುಣ್ಣಗಿನದೇ ಇರಲಿ, ಪದರ ಒಂದೇ ಸಾಕು. ಜಾಗ ಸಾಲದಿದ್ದರೆ ‘ಹಬ್ಬದ ಶುಭಾಶಯ’ ಎಂದಷ್ಟೇ ಹಾಕಿ, ಉಳಿದದ್ದನ್ನು ಒಳಗೆ ಕೈಯಿಂದ ಬರೆಯಿರಿ. ಕೈಬರಹ ಓದಲು ಯಾರಿಗೂ ಬೇಸರವಿಲ್ಲ.

ಅಕ್ಷರ ಕೂರುವುದು ರಟ್ಟಿನ ಮೇಲಲ್ಲ, ಹಿನ್ನೆಲೆಯ ಹಾಳೆಯ ಮೇಲೆ. ಎಂಬಾಸಿಂಗ್ ಶಾಯಿಯಲ್ಲಿ ಅಕ್ಷರ ಮೂಡಿಸುವ ಮೊದಲು ಟಾಲ್ಕಂ ಪೌಡರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೇಲ್ಮೈಗೆ ಹಗುರವಾಗಿ ತಟ್ಟಿ. ಬೆರಳಿನ ಜಿಡ್ಡು, ಒಣ ಹವೆಯಲ್ಲಿ ಕಾಗದಕ್ಕೆ ಬರುವ ಸ್ಥಿರ ವಿದ್ಯುತ್ತು ಎರಡೂ ಪುಡಿಯನ್ನು ಬೇಡದ ಕಡೆ ಎಳೆಯುತ್ತವೆ, ಕರಗಿದ ಮೇಲೆ ಅವು ಅಲ್ಲಲ್ಲಿ ಚುಕ್ಕೆಯಾಗಿ ಉಳಿಯುತ್ತವೆ. ಪೌಡರ್ ಅದನ್ನು ತಡೆಯುತ್ತದೆ. ಆಮೇಲೂ ಉಳಿದ ಒಂದೆರಡು ಕಾಳನ್ನು ಕಾಯಿಸುವ ಮೊದಲು ಒಣ ಕುಂಚದಿಂದ ತೆಗೆಯಿರಿ.

ಜೋಡಣೆ

ಎ4 ಹಾಳೆಯನ್ನು ಉದ್ದದ ನಡುವೆ ಕತ್ತರಿಸಿದರೆ ಎರಡು ಎ5. ಅದನ್ನು ಮತ್ತೆ ನಡುವೆ ಮಡಿಸಬೇಕು. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ, ಆ ದಿಕ್ಕಿಗೆ ಸಮನಾಗಿ ಮಡಿಸಿದರೆ ಮಡಿಕೆ ಒಡೆಯುವುದಿಲ್ಲ. ಹಾಳೆಯನ್ನು ಎರಡೂ ಕಡೆ ಹಗುರವಾಗಿ ಬಾಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಮಡಿಕೆ ನಾರಿಗೆ ಸಮ. ನಾರು ಎ4ನ ಉದ್ದಕ್ಕೆ ಇದ್ದರೆ ಈ ಲೆಕ್ಕ ತಾನಾಗಿ ಸರಿಯಾಗುತ್ತದೆ. ಸ್ಕೇಲಿಟ್ಟು ಖಾಲಿ ಬಾಲ್‌ಪೆನ್ನಿನಿಂದ ಒಮ್ಮೆ ಗೆರೆ ಒತ್ತಿ, ಆಮೇಲೆ ಮಡಿಸಿ.

ಹಿನ್ನೆಲೆ ಹಾಳೆ 95 × 138 ಮಿ.ಮೀ. ಇದ್ದರೆ ಸುತ್ತಲೂ 5 ಮಿ.ಮೀ. ಅಂಚು ಉಳಿಯುತ್ತದೆ. ಬಣ್ಣದ ವಿಷಯದಲ್ಲಿ ನಮ್ಮ ಮತ ಕಪ್ಪಿಗೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹೇಗೆ ಎದ್ದು ಕಾಣುತ್ತದೋ ಹಾಗೆಯೇ ಕಪ್ಪು ಹಾಳೆಯ ಮೇಲೆ ಬಂಗಾರದ ಚಿಕ್ಕಿ. ಕೆಂಪು-ಹಸಿರಿನ ಜೋಡಿಯನ್ನು ಅಂಗಡಿಯ ಕಾರ್ಡುಗಳು ಸಾಕಷ್ಟು ಸವೆಸಿವೆ. ಈ ಹಾಳೆಯನ್ನು ಟೇಪಿನಿಂದಲೇ ಅಂಟಿಸಿ. ಫೆವಿಕಾಲ್ ಹಚ್ಚಿದರೆ ಕಾರ್ಡು ಸೊಟ್ಟಗಾಗುತ್ತದೆ. ಅಕ್ಷರ ಕಾಯಿಸುವ ಕೆಲಸ ಮುಗಿದ ಮೇಲೆಯೇ ಅಂಟಿಸಿ, ಟೇಪಿನ ಅಂಟಿಗೂ ಬಿಸಿ ಆಗದು.

ಚಿಕ್ಕಿಯ ನಡು ಮೇಲಂಚಿನಿಂದ 50 ಮಿ.ಮೀ. ಕೆಳಗೆ ಬರಲಿ. ಫೋಮ್ ಟೇಪನ್ನು ಕೆಳಗಿನ ಚೌಕದ ಅಡಿಗಷ್ಟೇ ಹಚ್ಚಿ. ಮೇಲಿನ ಚೌಕದ ನಾಲ್ಕು ಮೂಲೆ ಗಾಳಿಯಲ್ಲಿ ತೇಲಿ ಕೆಳಗೆ ನೆರಳು ಬೀಳಿಸುತ್ತವೆ, ಚಿಕ್ಕಿಯ ಅಂದವೆಲ್ಲ ಆ ನೆರಳಿನಲ್ಲಿದೆ. ಕೈಯಲ್ಲೇ ಕೊಡುವ ಕಾರ್ಡಿಗೆ ಇದು ಸರಿ. ಅಂಚೆಗೆ ಹಾಕುವುದಕ್ಕೆ ಮಾತ್ರ ಆ ಮೂಲೆಗಳ ಅಡಿಗೂ ಒಂದೊಂದು ಚೂರು ಟೇಪು, ಅದರ ಮೇಲೆ 1 ಮಿ.ಮೀ. ರಟ್ಟಿನ ಚೂರು ಕೊಡಿ. ಇಲ್ಲದಿದ್ದರೆ ಅಂಚೆಯ ಮುದ್ರೆ ಬಿದ್ದಾಗ ಮೂಲೆ ಮುರಿಯುತ್ತದೆ.

ತೂಕ

ಪತ್ರದ ಅಂಚೆ ದರ 20 ಗ್ರಾಂ ಲೆಕ್ಕದಲ್ಲಿ ಏರುತ್ತದೆ. ನಮ್ಮ ಕಾರ್ಡು ಆ ಗೆರೆಯ ಅಂಚಿನಲ್ಲೇ ನಡೆಯುತ್ತದೆ. 250 ಜಿಎಸ್‌ಎಂ ಹಾಳೆ ಸುಮಾರು 8 ಗ್ರಾಂ, ಹಿನ್ನೆಲೆ ಒಂದೂವರೆ, ಚಿಕ್ಕಿ ಪುಡಿ ಸಮೇತ ಮೂರೂವರೆ, ಲಕೋಟೆ ನಾಲ್ಕೂವರೆ. ಕೂಡಿದರೆ ಹದಿನೇಳೂವರೆ. ಒಳಗೆ ಬರೆಯಲೆಂದು ಎ5 ಅಳತೆಯ 80 ಜಿಎಸ್‌ಎಂ ಹಾಳೆ ಸೇರಿಸಿದರೆ ಇನ್ನೂ ಎರಡೂವರೆ, ಅಲ್ಲಿಗೆ 20 ಮುಟ್ಟಿತು. ಮೇಲಿನ ಟೇಪು, ರಟ್ಟಿನ ಚೂರು ಬಿದ್ದರೆ ದಾಟಿತು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹತ್ತು ಕಾರ್ಡು ಒಟ್ಟಿಗೆ ಇಟ್ಟು ಭಾಗಿಸಿದರೆ ಒಂದರ ತೂಕ ಅಂದಾಜು ಸಿಗುತ್ತದೆ. ದಾಟಿದ್ದರೆ ಹೆಚ್ಚಿನ ಸ್ಟ್ಯಾಂಪು ಹಚ್ಚಿ, ಇಲ್ಲವಾದರೆ ಕಾರ್ಡು ಪಡೆಯುವವರು ದಂಡ ಕಟ್ಟಬೇಕಾದೀತು. ಡಿಸೆಂಬರ್ ಎರಡನೆಯ ವಾರದೊಳಗೆ ಹಾಕಿಬಿಡಿ.

ಕೆಟ್ಟರೆ ಎಲ್ಲಿ ನೋಡಬೇಕು

ಗುಳ್ಳೆ ಬಂದರೆ ತೇವ ಉಳಿದಿದೆ. ಅದೇ ಚಿಕ್ಕಿಯನ್ನು ಮತ್ತೆ ಕಾಯಿಸಿ ಸರಿಮಾಡಲು ಹೋದರೆ ಗುಳ್ಳೆ ಹೆಚ್ಚುತ್ತದೆ, ಒಂದು ದಿನ ಬಿಟ್ಟು, ಗುಳ್ಳೆಯನ್ನು ಸೂಜಿಯಿಂದ ಒಡೆದು ಆಮೇಲೆ ಕಾಯಿಸಿ. ಸೂಜಿಮೊನೆಯಷ್ಟು ತೂತುಗಳಿದ್ದರೆ ಪದರ ತೆಳುವಾಗಿದೆ, ಇನ್ನೊಂದು ಪದರ ಹಾಕಿದರೆ ಮುಚ್ಚುತ್ತವೆ. ಅಂಚಿನಲ್ಲಿ ಬೂದು ರಟ್ಟು ಇಣುಕುತ್ತಿದ್ದರೆ ಅಲ್ಲಿ ಶಾಯಿ ತಾಗಿಲ್ಲ. ಚಿಕ್ಕಿ ದೋಣಿಯಂತೆ ಬಾಗಿದರೆ ಒಂದೇ ಬದಿಗೆ ಬಿಳಿ ಹಚ್ಚಿದ್ದೀರಿ. ಬೆಚ್ಚಗಿರುವಾಗಲೇ ನಡುವೆ ಬೇಕಿಂಗ್ ಪೇಪರ್ ಇಟ್ಟು ಫರಶಿಯ ಅಡಿ ಒತ್ತಿದರೆ ಬಹುಪಾಲು ನೇರವಾಗುತ್ತದೆ, ಶಿಕ್ಕಾದ ಗೆರೆ ತುಸು ಮಂಕಾಗುತ್ತದೆ. ಬಾಗಿಸಿದಾಗ ಪದರ ಬಿರುಕು ಬಿಟ್ಟರೆ ಅದು ದೋಷವಲ್ಲ, ಗಾಜಿನಂಥ ಪದರದ ಸ್ವಭಾವ. ಹಾಗಾಗಿ ಮಡಿಕೆಯ ಮೇಲೆ ಎಂದೂ ಎಂಬಾಸಿಂಗ್ ಮಾಡಬೇಡಿ.

ಚಳಿಗಾಲದ ಉಳಿದ ಕಾರ್ಡುಗಳು

ಉಳಿದ 30 ಚೌಕ ಬಿಸಾಡಬೇಡಿ. ಒಂದು ಚೌಕವನ್ನು 7 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿ, ಕೆಳಗಿನಿಂದ ಮೇಲಕ್ಕೆ ಗಿಡ್ಡವಾಗುವಂತೆ ಅಡ್ಡಡ್ಡ ಜೋಡಿಸಿದರೆ ಕಸೂತಿಯ ಗೋಪುರವಾಗುತ್ತದೆ. ಹಸಿರು ಪುಡಿ ಹಾಕಿದರೆ ಅದೇ ಕ್ರಿಸ್ಮಸ್ ಮರ. ಮಾಗಿಯ ಬೆಳಗಿಗೆ ಹಿಂಗಾರಿ ಬಿಳಿಜೋಳದ ತೆನೆ ಚೆಂದ. ರಟ್ಟಿನಲ್ಲಿ ಉದ್ದನೆಯ ವಜ್ರಾಕಾರ ಕತ್ತರಿಸಿ, ಪೂರ್ತಿ ಶಾಯಿ ಹಚ್ಚುವ ಬದಲು ಎಂಬಾಸಿಂಗ್ ಶಾಯಿ ತುಂಬಿದ ಪೆನ್ನಿನಿಂದ ಒತ್ತೊತ್ತಾಗಿ ಚುಕ್ಕೆ ಇಟ್ಟು, ಕೆನೆಬಣ್ಣದ ಪುಡಿ ಹಾಕಿ ಎರಡು ಪದರ ಕರಗಿಸಿ. ಚುಕ್ಕೆಗಳ ನಡುವೆ 1 ಮಿ.ಮೀ. ಬಿಡದಿದ್ದರೆ ಕಾಳುಗಳೆಲ್ಲ ಸೇರಿ ಮುದ್ದೆಯಾಗುತ್ತವೆ. ಹಿಂದೆ ಬೂದುಬಣ್ಣದ ಹಾಳೆಗೆ ಒಣ ಸ್ಪಂಜಿನಿಂದ ಬಿಳಿ ತಟ್ಟಿದರೆ ಮಂಜು ಬೀಳುತ್ತದೆ.

ಸಂಕ್ರಾಂತಿಗೆ ಇದೇ ಚುಕ್ಕೆಗಳನ್ನು ಬಿಳಿ ಪುಡಿಯಲ್ಲಿ ಮಾಡಿ ಚೌಕದ ತುಂಬ ಚೆಲ್ಲಿದರೆ ಕುಸುರೆಳ್ಳು. ಕೆಳಗೆ ‘ಎಳ್ಳು ಬೆಲ್ಲ’ ಎಂದು ಬರೆಯುವಾಗ ಮಾತ್ರ ಎರಡೂ ಒತ್ತಕ್ಷರಕ್ಕೆ ಜಾಗ ಬಿಟ್ಟುಕೊಂಡು, ಅಕ್ಷರವನ್ನು 10 ಮಿ.ಮೀ. ಎತ್ತರಕ್ಕೆ ಏರಿಸಿಕೊಳ್ಳಿ.